ಬಾಬಿರ್ಯೆಯ ಹೆಸರಿಗೆ ಬರುತ್ತಿದ್ದ ದುಡ್ಡು

ನಮ್ಮ ಕಾಲೇಜಿನ ಗ್ರಂಥಾಲಯಕ್ಕೆ ಪುಸ್ತಕ ಕೊಳ್ಳುವ ಕೆಲಸ ಕಾತೊ ಸೆಂಬಾಜ್ವೆಯದು. ಹರಿದ ಪುಸ್ತಕ ಹೊಲಿದು ಅಂಟಿಸುವ ಕೆಲಸ ನನ್ನದು. ಇಬ್ಬರೂ ಒಂದೇ ಕೋಣೆಯಲ್ಲಿ ಕೂರುತ್ತೇವೆ. ನನ್ನ ಮರಗೆಣಸಿನ ಹಿಟ್ಟಿನ ಅಂಟಿನ ವಾಸನೆಗೆ ಅವನು ಮೂಗು ಮುರಿಯುತ್ತಾನೆ, ಅವನ ಗೊಣಗಾಟಕ್ಕೆ ನಾನು ಮುರಿಯುತ್ತೇನೆ. ಒಂದೇ ಹಳ್ಳಿಯವರು, ವಯಸ್ಸಿನಲ್ಲಿ ನಾನು ಹಿರಿಯಳು. ಹಾಗಾಗಿ ಅವನ ಬಾಯಲ್ಲಿ ನಾನು ಅಕ್ಕ, ನನ್ನ ಬಾಯಲ್ಲಿ ಅವನು ಆ ಹೊತ್ತಿಗೆ ಏನು ತೋಚಿದರೆ ಅದು.

ಹಿಂದೆ ಮಸಾಕ ಪೇಟೆಯಲ್ಲಿ ಕಾತೊನಿಗಿದ್ದ ಮರ್ಯಾದೆ ಈಗಿನವರಿಗೆ ಗೊತ್ತಿಲ್ಲ. ಹೆಗಲಿಗೆ ಕಂದು ಚೀಲ ಹಾಕಿಕೊಂಡು ಟ್ಯಾಕ್ಸಿ ನಿಲ್ದಾಣದ ಬಳಿ ಹೋದನೆಂದರೆ ಎಲ್ಲೆಲ್ಲಿಂದಲೋ ಜನ ಬರುತ್ತಿದ್ದರು. ತಮ್ಮ ಕುಲದ ಚರಿತ್ರೆಯನ್ನು ತಾವೇ ಬರೆದು ನೂರು ಪ್ರತಿ ಅಚ್ಚು ಹಾಕಿಸಿದ ಮುದುಕರು, ಮದುವೆ ಹಾಡಿನ ಕಿರುಹೊತ್ತಿಗೆ ಮಾರುವ ಹೆಂಗಸರು, ಹಳೆಯ ಪಂಚಾಂಗ ಹಿಡಿದುಕೊಂಡವರು. ಅವನು ನಿಂತಲ್ಲೇ ಪುಟ ತಿರುವಿ ನೋಡಿ, ಚೌಕಾಸಿ ಮಾಡಿ, ಬೈಸಿಕೊಂಡು, ಚೀಲಕ್ಕೆ ಕೈ ಹಾಕಿ ನೋಟು ತೆಗೆದು ಕೊಡುತ್ತಿದ್ದ. ಅವರು ಚೀಟಿಯ ಮೇಲೆ ಸಹಿಯನ್ನೋ ಹೆಬ್ಬೆಟ್ಟನ್ನೋ ಒತ್ತುತ್ತಿದ್ದರು. ನಮ್ಮ ಕಪಾಟಿನಲ್ಲಿರುವ ಲುಗಾಂಡ ಭಾಷೆಯ ಸಣ್ಣ ಪುಸ್ತಕಗಳಲ್ಲಿ ಮುಕ್ಕಾಲು ಪಾಲು ಆ ಚೀಲದಿಂದಲೇ ಬಂದವು.

ಆಮೇಲೆ ಎಲ್ಲೋ ಯಾವನೋ ದೊಡ್ಡವನು ಸರ್ಕಾರದ ದುಡ್ಡು ತಿಂದ. ಕೋತಿ ಮೊಸರನ್ನ ತಿಂದು ಮೇಕೆಯ ಬಾಯಿಗೆ ಒರೆಸಿದ ಹಾಗೆ ಅದು ನಮ್ಮ ಕಾತೊನ ಚೀಲಕ್ಕೆ ಬಂತು. ಇನ್ನು ಮೇಲೆ ನಗದು ಇಲ್ಲ, ಎಲ್ಲವೂ ಕಂಪ್ಯೂಟರಿನ ಮೂಲಕ ಎಂದರು. ಮಾರುವವರು ಮೊದಲು ನೋಂದಣಿ ಮಾಡಿಸಬೇಕು, ತೆರಿಗೆ ನಂಬರು ಬೇಕು. ಯಾವ ಸಾಮಾನು ಕೊಂಡರೂ ಮೂರು ಅಂಗಡಿಯ ದರಪಟ್ಟಿ ಬೇಕು. ದುಡ್ಡು ಫೋನಿಗೆ ಹೋಗುತ್ತದೆ, ಆದರೆ ಫೋನಿನ ಲೈನು ಯಾರ ಹೆಸರಿನಲ್ಲಿದೆಯೋ ಅವರೇ ಮಾರಿದವರಾಗಿರಬೇಕು. ಒಳ್ಳೆಯದೇ, ಕಳ್ಳತನ ನಿಲ್ಲಲಿ. ಆದರೆ ಮದುವೆ ಹಾಡಿನ ಹೆಂಗಸಿಗೆ ಎಲ್ಲಿಯ ತೆರಿಗೆ ನಂಬರು? ಒಂದಿಬ್ಬರು ಅಲೆದು ಸುಸ್ತಾದರು. ಉಳಿದವರು ಕಾತೊನನ್ನು ಕಂಡರೆ ರಸ್ತೆ ದಾಟಿ ಆಚೆ ಕಡೆಯಿಂದ ಹೋಗತೊಡಗಿದರು. ಅವನು ಚೀಲವನ್ನು ಗೋಡೆಯ ಮೊಳೆಗೆ ನೇತುಹಾಕಿದ.

ಅಂಥ ಹೊತ್ತಿನಲ್ಲಿ 'ಎಟ್ಟಾಲ' ಮಾರಾಟಕ್ಕೆ ಬಂತು.

ಎಟ್ಟಾಲ ಎಂದರೆ ಲಾಂದ್ರ. ಅದು ನಮ್ಮೂರಿನ ವಾರಪತ್ರಿಕೆ. ಕಿಮಾನ್ಯ ಬಡಾವಣೆಯ ಕಾವುಕಿ ಎಂಬಾತ ಒಂದು ಕೋಣೆಯಲ್ಲಿ ಕಾಲಿನಿಂದ ತುಳಿಯುವ ಯಂತ್ರ ಇಟ್ಟುಕೊಂಡು, ತಾನೇ ಬರೆದು, ತಾನೇ ಅಚ್ಚುಮೊಳೆ ಜೋಡಿಸಿ, ಸಾಯುವವರೆಗೂ ನಡೆಸಿದ. ಮದುವೆ, ಸಾವು, ಕಾಫಿ ಬೆಲೆ, ಯಾರ ಹಸು ಯಾರ ತೋಟಕ್ಕೆ ನುಗ್ಗಿತು, ಎಲ್ಲವೂ ಅದರಲ್ಲಿ ಇರುತ್ತಿತ್ತು. ಓದಿದವರು ಅದರಲ್ಲೇ ಕಡಲೆಕಾಯಿ ಕಟ್ಟಿದರು. ಪೂರ್ತಿ ಕಟ್ಟುಗಳು ಉಳಿದದ್ದು ಕಾವುಕಿಯ ಕೋಣೆಯಲ್ಲಿ ಮಾತ್ರ. ಬದುಕಿದ್ದಾಗ ಅವನು ಆ ಕಟ್ಟುಗಳ ಹಗ್ಗ ಬಿಚ್ಚಲು ಯಾರನ್ನೂ ಬಿಡಲಿಲ್ಲ.

ಕಾತೊನಿಗೆ ಆ ಕಟ್ಟುಗಳು ಯಾಕೆ ಬೇಕಿದ್ದವು ಎಂಬುದು ನನಗೆ ಗೊತ್ತು. ಎಪ್ಪತ್ತೊಂಬತ್ತರ ಯುದ್ಧದಲ್ಲಿ ಮಸಾಕದ ಮೇಲೆ ಗುಂಡು ಬಿದ್ದಾಗ ನಾವೆಲ್ಲ ಕಾಫಿ ತೋಟಕ್ಕೆ ಓಡಿದೆವು. ಕಾತೊ ಆಗ ಪುಟ್ಟ ಹುಡುಗ. ಅವನ ಹೆಸರೇ ಹೇಳುವ ಹಾಗೆ ಅವನು ಅವಳಿಯಲ್ಲಿ ಕಿರಿಯವನು. ಹಿರಿಯವನು ವಾಸ್ವ ನಮ್ಮ ಜೊತೆ ಓಡಿ ಬರಲಿಲ್ಲ. ಮಾರನೇ ದಿನ ಗಂಡಸರು ಹೋಗಿ ಏನೋ ಹೂತು ಬಂದರು. ಎಲ್ಲಿ ಎಂದು ಆಮೇಲೆ ಅವರಿಗೂ ಗುರುತು ಸಿಗಲಿಲ್ಲ. ಇಗರ್ಜಿಯ ದಾಖಲೆ ಸುಟ್ಟಿತ್ತು, ಮನೆ ಸುಟ್ಟಿತ್ತು, ಒಂದು ಫೋಟೋ ಕೂಡ ಇರಲಿಲ್ಲ. ಆ ವಾರ ಕಾವುಕಿ ತನ್ನ ಪತ್ರಿಕೆಯಲ್ಲಿ ಹೋದವರ ಹೆಸರೆಲ್ಲ ಹಾಕಿದ್ದಾನೆ, ವಾಸ್ವನದೂ ಇದೆಯಂತೆ ಎಂದು ಕಾತೊನ ತಾಯಿ ಹೇಳುತ್ತಿದ್ದಳು. ಅವಳಿಗೆ ಓದಲು ಬರುತ್ತಿರಲಿಲ್ಲ. ಆ ಹುಡುಗ ಈ ಭೂಮಿಯ ಮೇಲೆ ಇದ್ದ ಎನ್ನುವುದಕ್ಕೆ ಉಳಿದದ್ದು ಆ ಒಂದು ಸಾಲು.

ಇಷ್ಟು ವರ್ಷ ಯಾಕೆ ಕೇಳಿ ನೋಡಲಿಲ್ಲ ಎಂದರೆ, ಕೇಳುವುದಾದರೂ ಹೇಗೆ? ನಮ್ಮಲ್ಲಿ ಅವಳಿಗಳು ಸಾಯುವುದಿಲ್ಲ, ಹಾರುತ್ತಾರೆ. 'ಸತ್ತ' ಎಂದು ಯಾರೂ ಅನ್ನಬಾರದು, ಅಳಬಾರದು. ಹಾಗೆ ಅಂದರೂ ಅತ್ತರೂ ಉಳಿದ ಅರ್ಧಕ್ಕೆ, ಬದುಕಿರುವ ಮಗುವಿಗೆ, ಕೇಡು. ಮಗ ಹೋದ ದಿನ ಕಾತೊನ ತಾಯಿ ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತಿದ್ದನ್ನು ನಾನು ಕಂಡಿದ್ದೇನೆ. ಅಂಥ ಮನೆಯ ಹುಡುಗ ಹೋಗಿ 'ಸತ್ತವರ ಪಟ್ಟಿ ತೋರಿಸಿ, ನನ್ನಣ್ಣ ಇದ್ದಾನಾ ನೋಡಬೇಕು' ಎನ್ನಲು ಆಗುತ್ತದೆಯೇ? ಗ್ರಂಥಾಲಯಕ್ಕೆಂದು ಕೊಂಡರೆ ಕೇಳುವ ಪ್ರಸಂಗವೇ ಬರುವುದಿಲ್ಲ. ತಾನೇ ಕಟ್ಟು ಬಿಚ್ಚಬಹುದು.

ಕಾವುಕಿಯ ವಿಧವೆಯನ್ನು ಊರೆಲ್ಲ ನಾಲೊಂಗೊ ಎಂದೇ ಕರೆಯುತ್ತದೆ. ಅವಳಿ ಹೆತ್ತವಳು ಎಂದು ಅರ್ಥ. ಅದು ದೊಡ್ಡ ಬಿರುದು. ಅದು ಬಂದ ಮೇಲೆ ಹುಟ್ಟುಹೆಸರು ಹಿಡಿದು ಯಾರೂ ಕೂಗುವುದಿಲ್ಲ, ಕೇಳುವುದೂ ಇಲ್ಲ. ಆಕೆ ಕೋಣೆ ಖಾಲಿ ಮಾಡಬೇಕಿತ್ತು. ಮಾಲೀಕ ಅದನ್ನು ಬೇರೊಂದು ಅಂಗಡಿಗೆ ಕೊಟ್ಟಾಗಿತ್ತು. ಜೂನ್ ಮುಗಿಯುವಷ್ಟರಲ್ಲಿ ಕಟ್ಟುಗಳು ಹೊರಗೆ ಹೋಗಬೇಕು. ನಮ್ಮಲ್ಲೂ ಸರ್ಕಾರದ ವರ್ಷ ಜೂನಿಗೇ ಮುಗಿಯುತ್ತದೆ, ಖರ್ಚಾಗದ ದುಡ್ಡು ವಾಪಸ್ಸು ಹೋಗುತ್ತದೆ. ಎರಡು ಬಾಗಿಲೂ ಒಟ್ಟಿಗೇ ಮುಚ್ಚುತ್ತಿದ್ದವು.

ಕಾತೊ ಕಾಲಿಗೆ ಚಕ್ರ ಕಟ್ಟಿಕೊಂಡ. ತೆರಿಗೆ ನಂಬರನ್ನು 'ನಾಲೊಂಗೊ ಕಾವುಕಿ ಮುದ್ರಣಾಲಯ' ಎಂಬ ಹೆಸರಿಗೆ ಮಾಡಿಸಿದ. ಮೂರು ದರಪಟ್ಟಿ ಬೇಕಲ್ಲ? ಲೋಕದಲ್ಲೇ ಒಂದೇ ಇರುವ ವಸ್ತುವಿಗೆ ಎಲ್ಲಿಂದ ಮೂರು ದರ? ಪಕ್ಕದ ಕಡಲೆಕಾಯಿಯವಳು ಒಂದು ಬರೆದುಕೊಟ್ಟಳು, ಚಪ್ಪಲಿ ಹೊಲಿಯುವವನು ಇನ್ನೊಂದು ಬರೆದುಕೊಟ್ಟ. ಇಬ್ಬರದೂ ನಾಲೊಂಗೊಳ ದರಕ್ಕಿಂತ ಜಾಸ್ತಿ. ಕಂಪ್ಯೂಟರು ಸಂತೋಷದಿಂದ ಒಪ್ಪಿಕೊಂಡಿತು. ಸುಳ್ಳಿಗೆ ಅದು ಯಾವತ್ತೂ ತಕರಾರು ಮಾಡಿದ್ದಿಲ್ಲ. ನೋಂದಣಿಯಾಯಿತು, ಬಿಲ್ಲು ಹೋಯಿತು, ಆಕೆಯ ಫೋನ್ ನಂಬರೂ ಹೋಯಿತು. ಅದು ಯಾರ ಹೆಸರಿನಲ್ಲಿದೆ ಎಂದು ಕಾತೊ ಕೇಳಿರಲಿಲ್ಲ. ನಾಲೊಂಗೊಳ ಹೆಸರು ಕೇಳುವ ಧೈರ್ಯ ನಮ್ಮವರಲ್ಲಿ ಯಾರಿಗಿದೆ?

ಜೂನ್ ಕೊನೆಯ ವಾರ ಲೆಕ್ಕಪತ್ರದ ಅಟುಹೈರೆ ಅವನನ್ನು ಕರೆದಳು. ಪಶ್ಚಿಮದ ಕಡೆಯ ಹೆಣ್ಣು, ಕೆಟ್ಟವಳಲ್ಲ. ಲಂಚ ಮುಟ್ಟದ ಕೈ.

"ದುಡ್ಡು ನಿಂತುಹೋಗಿದೆ ಕಾತೊ ಅವ್ರೆ. ಬಿಲ್ಲಲ್ಲಿ ನಾಲೊಂಗೊ ಅಂತಿದೆ. ಅದು ಹೆಸ್ರೇ ಅಲ್ಲವಲ್ಲ! ಲೈನು ನೋಡುದ್ರೆ ಬಾಬಿರ್ಯೆ ಅನ್ನೋರದು. ಯಾರಿದು?"

"ಅವ್ರ ಮಗಳು ಮೇಡಂ."

"ಹಾಗಾದ್ರೆ ಕಷ್ಟ ಇಲ್ಲ. ಅದೇ ನಂಬರ್ನ ತಾಯಿ ಸ್ವಂತ ಹೆಸ್ರಿಗೆ ಮಾಡಿಸ್ಕೊಂಡು ಬನ್ನಿ. ಗುರುತಿನ ಚೀಟಿ ಪ್ರತಿ ಕೊಡಿ, ಬಿಲ್ಲಲ್ಲಿ ಆ ಹೆಸರು ನಾನೇ ಸೇರಿಸ್ಕೋತೀನಿ. ಶುಕ್ರವಾರ ಸಂಜೆವರೆಗೂ ಟೈಮಿದೆ."

"ಬೇರೆ ನಂಬರು ಕೊಟ್ರೆ? ಬ್ಯಾಂಕ್ ಖಾತೆ ಕೊಟ್ರೆ?"

"ಕೊಡಿ. ಹೊಸ ನೋಂದಣಿ ಆಗುತ್ತೆ, ಮೂರು ವಾರ. ಅಷ್ಟೊತ್ತಿಗೆ ದುಡ್ಡು ಎಲ್ಲಿರುತ್ತೆ ನಿಮಗೇ ಗೊತ್ತು."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿಣಿಯೂ ಕೊಡಲು ತಯಾರಿದ್ದಳು, ಗುಡಿಯ ಬೀಗ ಮಾತ್ರ ಬೇರೆಯವರ ಕೈಯಲ್ಲಿತ್ತು. ಕಾತೊ ಫೋನು ಕಂಪನಿಯ ಅಂಗಡಿಗೆ ಓಡಿದ. ಕೌಂಟರಿನ ಹುಡುಗಿ ಹೇಳಿದ್ದು ಇಷ್ಟೇ. ಲೈನಿನ ಒಡತಿ ಬಂದು ಬಿಟ್ಟುಕೊಡಬೇಕು. ಆಕೆ ತೀರಿಕೊಂಡಿದ್ದರೆ, ಹಾಗೆಂದು ಮನೆಯವರೋ ತಿಳಿದವರೋ ಬರೆದು ಸಹಿ ಮಾಡಬೇಕು, ತಾಯಿಯ ಹೆಬ್ಬೆಟ್ಟು ಒತ್ತಿಸಬೇಕು.

ಬಾಬಿರ್ಯೆ ಎನ್ನುವುದು ಅವಳಿಯಲ್ಲಿ ಹಿರಿಯ ಹೆಣ್ಣುಮಗುವಿನ ಹೆಸರು. ಎರಡು ವರ್ಷದ ಹಿಂದೆ ಕಂಪಾಲ ರಸ್ತೆಯಲ್ಲಿ ಲಾರಿಯೊಂದು ಅವಳು ಕೂತಿದ್ದ ಬೈಕಿಗೆ ಗುದ್ದಿತ್ತು.

ಕಾತೊ ನನ್ನನ್ನೂ ಕರೆದುಕೊಂಡು ಕಿಮಾನ್ಯಕ್ಕೆ ಹೋದ. ಹೆಂಗಸು ಜೊತೆಗಿದ್ದರೆ ಮಾತು ಮೆತ್ತಗಾಗುತ್ತದೆ ಎಂದುಕೊಂಡನೇನೋ. ಬಾಗಿಲಲ್ಲೇ ಚಪಾತಿ ಅಂಗಡಿಯ ಸುಲೈಟಿ ತಕ್ಕಡಿ ಇಟ್ಟುಕೊಂಡು ನಿಂತಿದ್ದ. ಚಪಾತಿ ಸುತ್ತುವ ಕಾಗದ ಅವನಿಗೆ ತೂಕದ ಲೆಕ್ಕ. ನಾನು ಮಂಡಿಯೂರಿ ನಾಲೊಂಗೊಳಿಗೆ ವಂದನೆ ಹೇಳಿದೆ, ಆಕೆ ಮನೆಮಂದಿಯನ್ನೆಲ್ಲ ವಿಚಾರಿಸಿದಳು, ಶುಂಠಿ ಹಾಕಿದ ಚಹಾ ಬಂತು.

"ಏನಪ್ಪಾ ಕಾತೊ, ದುಡ್ ತಂದ್ಯಾ, ಇಲ್ಲ ಇನ್ನೊಂದ್ ಕಾಗದ ತಂದ್ಯಾ?" ಎಂದಳು ಆಕೆ.

"ಇನ್ನೊಂದ್ಸಲ ತೊಂದ್ರೆ ಕೊಡ್ಬೇಕಾಯ್ತು ಅಮ್ಮ. ನಿಮ್ಮ... ಗುರುತಿನ ಚೀಟೀಲಿ ಏನ್ ಹೆಸ್ರಿದೆ ಅಂತ ಕೇಳ್ತಿದಾರೆ."

ಸುಲೈಟಿ ಹೊರಗಿನಿಂದ ನಕ್ಕ. "ನೋಡಿ ನಾಲೊಂಗೊ, ನಾನು ನಿಮ್ಮ ಹೆಸ್ರು ಕೇಳುದ್ನಾ ಯಾವತ್ತಾದ್ರೂ? ತೂಕ ಕೇಳ್ದೆ, ಅಷ್ಟೇ."

"ಸುಮ್ನಿರೋ, ನಿನ್ ಚಪಾತಿ ಸೀದೋಗುತ್ತೆ," ಎಂದು ಅವನನ್ನು ಗದರಿಸಿ ಆಕೆ ಚೀಟಿ ತೆಗೆದು ಕಾತೊನ ಮುಂದೆ ಇಟ್ಟಳು. ಯೊಜೆಫಿನ ನಾಬ್ಬೊಸ. ಇಷ್ಟು ವರ್ಷದಲ್ಲಿ ಆ ಹೆಸರನ್ನು ನಾನು ಕಂಡದ್ದು ಅದೇ ಮೊದಲು. "ಇವ್ಳು ಯಾರೋ ಸ್ಕೂಲಿಗ್ ಹೋಗೋ ಹುಡ್ಗಿ. ನಂಗೇ ಮರ್ತುಹೋಗಿದಾಳೆ. ತಗೊಂಡ್ ಹೋಗಿ ನಿನ್ ಕಂಪ್ಯೂಟರ್‌ಗೆ ತಿನ್ಸು."

ಕಾತೊ ತಲೆ ತಗ್ಗಿಸಿಕೊಂಡೇ ಲೈನಿನ ಮಾತು ಎತ್ತಿದ. ನಿಮ್ಮ ಹೆಸರಿಗೆ ಮಾಡಿಸಬೇಕು ಎಂದ. ಯಾಕೆ, ಹೇಗೆ ಎಂದು ಹೇಳಲಿಲ್ಲ. ಆಕೆ ನಡುವಿನ ಪಟ್ಟಿಯಿಂದ ಫೋನು ತೆಗೆದಳು. ಮೂಲೆ ಒಡೆದ ಸಣ್ಣ ಫೋನು. ಅದನ್ನು ಅವನ ಕೈಗೆ ಕೊಡದೆ ತಾನೇ ಗಟ್ಟಿಯಾಗಿ ಓದಿದಳು.

"'ಬಾಬಿರ್ಯೆ ಅವರೇ, ನಿಮಗೆ ಹಣ ಬಂದಿದೆ.' ಮೊನ್ನೆ ಬೀನ್ಸ್ ಮಾರಿದ್ದು. ಇನ್ನೊಂದು ಕೇಳು. 'ಬಾಬಿರ್ಯೆ ಅವರೇ, ನಿಮಗೆ ಹಣ ಬಂದಿದೆ.' ನಂಗೆ ಆಗ ಚೀಟಿ ಇರ್ಲಿಲ್ಲ, ಅವ್ಳೇ ಅವ್ಳ ಹೆಸ್ರಲ್ಲಿ ಕೊಡ್ಸಿದ್ದು ಇದು. ಪೇಟೇಲಿ ಯಾರೇ ನಂಗೆ ದುಡ್ ಹಾಕ್ಲಿ, ಮೊದ್ಲು ಅವ್ರ ಫೋನಲ್ಲಿ ಅವ್ಳ ಹೆಸ್ರು ಬರುತ್ತೆ. 'ಬಾಬಿರ್ಯೆಗಾ?' ಅಂತ ಕೇಳ್ತಾರೆ. ಹೂಂ ಅಂತೀನಿ. ದಿನಕ್ಕೊಂದ್ಸಲನಾದ್ರೂ ಅವ್ಳ ಹೆಸ್ರು ಹಿಡ್ದು ಯಾರಾದ್ರೂ ಕೂಗ್ತಾರಪ್ಪಾ. ಅದನ್ನ ನಾನು ಬಿಡ್ಲಾ?"

ಸುಲೈಟಿ ನಗು ಬಿಟ್ಟು ತಕ್ಕಡಿಯ ಸರಪಳಿ ಬಿಡಿಸುತ್ತಾ ಕೂತ.

"ನಿಮ್ಮ ಯಜಮಾನ್ರ ಜೀವ್ಮಾನದ ಕೆಲ್ಸ ಅಮ್ಮ ಇದು," ಎಂದ ಕಾತೊ.

"ಗೊತ್ತು. ಅದಕ್ಕೇ ಈ ಚಪಾತಿಯವ್ನನ್ನ ಇಷ್ಟು ದಿವ್ಸ ಬಾಗ್ಲಲ್ಲಿ ನಿಲ್ಸಿರೋದು. ಶುಕ್ರವಾರದ ತನಕ ನಿಲ್ಲಿಸ್ತೀನಿ. ಆಮೇಲೆ ನನ್ ಕೈಲಾಗಲ್ಲ."

ದಾರಿಯಲ್ಲಿ ನಾನೇ ಹೇಳಿದೆ. "ಬಿಟ್ಬಿಡೋ. ನಿನ್ ಹಣೇಲಿ ಬರ್ದಿಲ್ಲ."

"ಬಿಡೋದಾ?" ರಸ್ತೆಯ ನಡುವೆ ನಿಂತು ಕೂಗಿದ. ಬೈಕಿನವರು ಬೈದುಕೊಂಡು ಸುತ್ತಿ ಹೋದರು. "ವಾಸ್ವ ಇದ್ದಿದ್ದೇ ಸುಳ್ಳಾ ಹಾಗಾದ್ರೆ? ಅವ್ನ ಮುಖ ನಂಗೆ ಜ್ಞಾಪಕ ಇಲ್ಲ ಅಕ್ಕ. ಕನ್ನಡಿ ನೋಡ್ಕೊಂಡು ಇವ್ನೇ ಇರಬೇಕು ಅನ್ಕೋತೀನಿ. ಇವತ್ತು ಕನ್ನಡೀಲಿರೋನು ಮುದ್ಕ. ಅವ್ನ ಹೆಸ್ರಿರೋ ಹಾಳೇಲಿ ಚಪಾತಿ ಸುತ್ತಿ ಕೊಡ್ತಾನೆ ಆ ಸುಲೈಟಿ, ಎಣ್ಣೆ ಒರ್ಸಿ ಬಿಸಾಕ್ತಾರೆ ಜನ. ನಾನ್ ಸುಮ್ನೆ ನೋಡ್ತಾ ನಿಂತ್ಕೊಳ್ಲಾ?"

ಅವನು ಏನು ಮಾಡಲಿಲ್ಲ ಹೇಳಿ? ಸ್ವಂತ ದುಡ್ಡಿನಲ್ಲೇ ಕೊಳ್ಳಲು ಸಂಘದಲ್ಲಿ ಸಾಲ ಕೇಳಿದ, ಹಳೆಯದೇ ತೀರಿಲ್ಲ ಎಂದರು. ಪ್ರಾಂಶುಪಾಲರ ಕಾರಿನ ಹಿಂದೆ ಓಡಿದ. ಮಾಲೀಕನ ಬಳಿ ಇನ್ನೊಂದು ತಿಂಗಳು ಬೇಡಿದ, ಆತ ಆಗಲೇ ಗೋಡೆಗೆ ಸುಣ್ಣ ಹೊಡೆಸುತ್ತಿದ್ದ. ಗುರುವಾರ ಮಧ್ಯಾಹ್ನ ಬಂದು ತನ್ನ ಮೇಜಿನ ಮುಂದೆ ಕೂತ. ಮಟೊಕೆ ಬಾಳೆಕಾಯಿ ಬೇಯಿಸಿ ಎಲೆಯಲ್ಲಿ ಕಟ್ಟಿ ತಂದಿದ್ದೆ, ಅವನ ಮುಂದೆ ಇಟ್ಟೆ. ಮುಟ್ಟಲಿಲ್ಲ. ನನ್ನ ಪೆನ್ನು ಕೇಳಿದ.

ಅದು ಫೋನಂಗಡಿಯ ಕಾಗದ. ಅವನು ಬರೆಯುವುದನ್ನು ನಾನು ನೋಡಿದೆ. ಕೈ ಹಿಡಿದೆ.

"ಏನ್ ಬರೀತಿದೀಯ ನಿಂಗೆ ಪ್ರಜ್ಞೆ ಇದೆಯಾ? ನೀನೇ ಅವಳಿಯವ್ನು."

"ಅದಕ್ಕೇ ನಾನ್ ಬರೀತಿರೋದು. ಕೇಡು ಬರೋದಿದ್ರೆ ನಂಗೇ ಬರ್ಲಿ, ಆ ತಾಯಿಗ್ ಬೇಡ, ಅವ್ಳ ಇನ್ನೊಂದು ಮಗಳಿಗೂ ಬೇಡ." ನನ್ನ ಕೈ ಬಿಡಿಸಿಕೊಂಡ. "ಅಲ್ದೆ ಇದು ಇಂಗ್ಲಿಷು. ಇಂಗ್ಲಿಷಲ್ಲಿ ಬರ್ದಿದ್ದನ್ನ ನಮ್ಮ ಹಿರೀಕರು ಓದ್ತಾರಾ?"

ಬಾಬಿರ್ಯೆ ಸತ್ತಿದ್ದಾಳೆ, ಇದು ನನಗೆ ತಿಳಿದ ಸತ್ಯ ಎಂದು ಬರೆದು ಕೆಳಗೆ ಸಹಿ ಮಾಡಿದ. ಹೇಳಿದ್ದರೆ ಆಕೆ ಒಪ್ಪುತ್ತಿರಲಿಲ್ಲ, ಆದ್ದರಿಂದ ಹೇಳಲೂ ಇಲ್ಲ. ಶುಕ್ರವಾರ ಬೆಳಿಗ್ಗೆ ಫೋನಂಗಡಿಯವನನ್ನು ಹೆಬ್ಬೆಟ್ಟು ಓದುವ ಯಂತ್ರದ ಜೊತೆ ಕಿಮಾನ್ಯಕ್ಕೆ ಕರೆದುಕೊಂಡು ಹೋಗಿ, ಲೈಬ್ರರಿಯ ಕೆಲಸ, ಇಲ್ಲಿ ಹೆಬ್ಬೆಟ್ಟು ಒತ್ತಿ ಅಮ್ಮ ಎಂದ. ಆಕೆ ಒತ್ತಿದಳು. ಅವನ ಮೇಲಿನ ನಂಬಿಕೆಗೆ ಒತ್ತಿದಳು. ಇದನ್ನು ನಾನು ಮೋಸ ಎಂದೇ ಕರೆಯುತ್ತೇನೆ, ಅವನ ಎದುರಿಗೂ ಅಂದಿದ್ದೇನೆ. ಆದರೆ ಆ ವಾರ ಅವನ ಕಣ್ಣು ನೋಡಿದವರು ಅವನನ್ನು ಕಳ್ಳ ಎನ್ನಲಾರರು.

ಸಂಜೆಯ ಹೊತ್ತಿಗೆ ಅಟುಹೈರೆ ದುಡ್ಡು ಬಿಟ್ಟಳು. ಕತ್ತಲಾಗುವ ಮೊದಲೇ ಕಾತೊ ಬಾಡಿಗೆ ಗಾಡಿಯಲ್ಲಿ ಕಟ್ಟುಗಳನ್ನು ತಂದು ನಮ್ಮ ಕೋಣೆಯಲ್ಲಿ ಇಳಿಸಿದ. ಮೈಯೆಲ್ಲ ಗೆದ್ದಲು ಮಣ್ಣು. ನಗುತ್ತಿದ್ದ. ಇಷ್ಟು ವರ್ಷದಲ್ಲಿ ಅವನು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಸೋಮವಾರ ಹಗ್ಗ ಬಿಚ್ಚೋಣ ಅಕ್ಕ, ಇಬ್ಬರೂ ಕೂತು, ಎಂದ.

ಸೋಮವಾರ ನಮಗಿಂತ ಮೊದಲು ನಾಲೊಂಗೊ ಬಂದು ಬಾಗಿಲಲ್ಲಿ ನಿಂತಿದ್ದಳು. ನಾನು ಮಂಡಿಯೂರಿದೆ. ಆಕೆ ವಂದನೆಗೆ ಮಾರುತ್ತರ ಕೊಡಲಿಲ್ಲ. ನಮ್ಮ ಕಡೆ ಶತ್ರುವಾದರೂ ವಂದನೆಗೆ ಉತ್ತರ ಕೊಡುತ್ತಾನೆ. ಆಕೆ ಫೋನನ್ನು ಕಾತೊನ ಮುಂದೆ ಚಾಚಿದಳು.

"ಓದು."

"ಅಮ್ಮ..."

"ಓದು ಅಂದೆ."

ಅವನು ಓದಿದ. "'ಯೊಜೆಫಿನ ನಾಬ್ಬೊಸ ಅವರೇ, ನಿಮಗೆ ಹಣ ಬಂದಿದೆ.'"

"ನನ್ ಮಗಳೆಲ್ಲಿ?"

ಕಾತೊ ಒಂದು ಹೆಜ್ಜೆ ಹಿಂದೆ ಸರಿದ.

"ಫೋನಂಗ್ಡಿಗ್ ಹೋದೆ. ಆ ಹುಡ್ಗಿ ಕಾಗದ ತೋರ್ಸಿದ್ಲು. ನಿನ್ ಸಹಿ." ಆಕೆಯ ದನಿ ಏರಲಿಲ್ಲ. ಅಳಲೂ ಇಲ್ಲ. ಅಳುವ ಹಾಗಿಲ್ಲ, ಕಂಪಾಲದಲ್ಲಿ ಇನ್ನೊಬ್ಬಳು ಮಗಳಿದ್ದಾಳೆ. "ಎರಡು ವರ್ಷ ಊರಿಗೂರೇ ಆ ಮಾತು ಅನ್ಲಿಲ್ಲ. ಲಾರಿ ಡ್ರೈವರ್ ಕೂಡ ಅನ್ಲಿಲ್ಲ. ಬೇರೆ ಯಾರಾದ್ರೂ ಅಂದಿದ್ರೆ, ಗೊತ್ತಿಲ್ದೋರು ಅಂತ ಬಿಡ್ತಿದ್ದೆ. ನಿಂಗೆ ಗೊತ್ತಿತ್ತು ಕಾತೊ. ನೀನೂ ಅರ್ಧ ಉಳಿದೋನು."

ಕಾತೊ ನೆಲದ ಮೇಲೆ ಮಂಡಿಯೂರಿದ. ನಮ್ಮಲ್ಲಿ ಗಂಡಸು ಹೆಂಗಸಿನ ಮುಂದೆ ಮಂಡಿಯೂರುವುದಿಲ್ಲ. "ಕಟ್ಟು ವಾಪಸ್ ತಗೊಳ್ಳಿ ಅಮ್ಮ. ಲೈನು ಮತ್ತೆ ಅವ್ಳ ಹೆಸ್ರಿಗೆ..."

"ಆಗುತ್ತಾ?"

ಆಗುವುದಿಲ್ಲ. ಸತ್ತವರ ಹೆಸರಿಗೆ ಯಾವ ಕಂಪನಿಯೂ ಲೈನು ಕೊಡುವುದಿಲ್ಲ. ಅದು ಮೂವರಿಗೂ ಗೊತ್ತಿತ್ತು. ಆಕೆ ಫೋನನ್ನು ಪಟ್ಟಿಯೊಳಗೆ ಸಿಕ್ಕಿಸಿಕೊಂಡು ಹೋದಳು. ಅದೇ ವಾರ ಕಂಪಾಲಕ್ಕೆ, ಮಗಳ ಮನೆಗೆ ಹೋದಳಂತೆ. ನಮ್ಮ ಮನೆಗಳಿಗೆ ಹೇಳಿ ಹೋಗಲಿಲ್ಲ.

ಆ ಕಟ್ಟುಗಳು ಬಹಳ ದಿನ ಹಾಗೇ ಬಿದ್ದಿದ್ದವು. ಕಾತೊ ಅವುಗಳನ್ನು ದಾಟಿಕೊಂಡು ಓಡಾಡುತ್ತಿದ್ದ, ಕಣ್ಣೆತ್ತಿ ನೋಡುತ್ತಿರಲಿಲ್ಲ. ಕೊನೆಗೆ ಗೆದ್ದಲಿನ ಭಯಕ್ಕೆ ನಾನೇ ಹಗ್ಗ ಕತ್ತರಿಸಿದೆ. ಯುದ್ಧದ ವಾರದ ಸಂಚಿಕೆ ಒಂದೇ ಹಾಳೆ. ಕಾಗದ ಸಿಕ್ಕದೆ ಸಕ್ಕರೆ ಚೀಲದ ಕಂದು ಹಾಳೆಯ ಮೇಲೆ ಅಚ್ಚು ಹಾಕಿದ್ದ. ಅರ್ಧ ಅಕ್ಷರ ಮೂಡಿಲ್ಲ. ಮೇಲಿಂದ ಕೆಳಗಿನವರೆಗೂ ಹೆಸರು, ಹೆಸರಿನ ಮುಂದೆ ಸತ್ತರು, ಸತ್ತಳು, ಸತ್ತ. ಬೇಗ ಬೇಗ ಜೋಡಿಸಿದ್ದು, ಅದೇ ಅಚ್ಚು ಮತ್ತೆ ಮತ್ತೆ. ಒಂದು ಸಾಲಿನಲ್ಲಿ ಮಾತ್ರ ಬೇರೆ ಇತ್ತು. ನಾನು ಅದನ್ನು ಕಾತೊನ ಮೇಜಿನ ಮೇಲೆ ಇಟ್ಟೆ.

'ವಾಸ್ವ, ಸೆಂಬಾಜ್ವೆಯ ಮಗ, ಹಾರಿದ.'

ಆಗ ಕಾವುಕಿಯ ಮನೆಯಲ್ಲಿ ಇನ್ನೂ ಅವಳಿ ಹುಟ್ಟಿರಲಿಲ್ಲ. ಅವನಿಗೆ ಅದು ಯಾರದೋ ಮನೆಯ ಹುಡುಗ.

ಕಾತೊ ಆ ಹೆಸರಿನ ಮೇಲೆ ಬೆರಳಿಟ್ಟ. ಅವನೂ ಅಳಲಿಲ್ಲ. ನನಗೆ ಯಾವ ಕಟ್ಟುಪಾಡೂ ಇಲ್ಲ ಎನ್ನುವ ಹಾಗೆ ನನ್ನ ಕಣ್ಣು ಮಾತ್ರ ಸುರಿಯುತ್ತಿತ್ತು. ಅವನು ತಲೆ ಎತ್ತದೆ ಹೇಳಿದ.

"ಸುತ್ತ ಗುಂಡು ಬೀಳ್ತಿತ್ತು ಅಕ್ಕ. ಅಂಥದ್ರಲ್ಲೂ ಆ ಮನುಷ್ಯ ಕೂತು, ಇವ್ನಿಗೆ ಅಂತ ಬೇರೆ ಮೊಳೆ ಹುಡ್ಕಿ ಜೋಡ್ಸಿದಾನೆ. ನಾನ್ ಆ ಕಾಗದ ಬರೀವಾಗ ನನ್ ಮೇಲೆ ಯಾವ ಗುಂಡೂ ಬೀಳ್ತಿರ್ಲಿಲ್ಲ."